ಮಗ ಕದ್ದು ತಿನ್ನುತ್ತಾನೆ. ಗೊತ್ತಿದೆ ಎಂದು ಹೇಳಲೇ, ಸುಮ್ಮನಿರಲೇ?

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಚಿಕ್ಕಂದಿನಿಂದಲೂ ದಪ್ಪ. ಕೆಲವು ತಿಂಗಳಿಂದ ಅವನ ಹಾಸಿಗೆಯಡಿ, ಸ್ಕೂಲ್ ಬ್ಯಾಗಿನ ತಳದಲ್ಲಿ ಖಾಲಿ ಬಿಸ್ಕತ್ತು ಪೊಟ್ಟಣಗಳು ಸಿಗುತ್ತಿವೆ. ಒಂದು ಸಂಜೆ ಬಾಗಿಲ ಸಂದಿಯಿಂದ ಕಂಡೆ. ನಿಂತುಕೊಂಡೇ, ಒಂದನ್ನು ಅಗಿದು ಮುಗಿಸುವ ಮೊದಲೇ ಇನ್ನೊಂದನ್ನು ಬಾಯಿಗೆ ತುರುಕುತ್ತಿದ್ದ. ಮುಖದಲ್ಲಿ ಸ್ವಲ್ಪವೂ ಖುಷಿಯಿರಲಿಲ್ಲ. ಸದ್ದು ಮಾಡದೆ ಹಿಂದೆ ಸರಿದೆ. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದ. ‘ಎಲ್ಲಾ ಬಾಯಿಚಪಲ, ಕಪಾಟಿಗೆ ಬೀಗ ಹಾಕು’ ಎಂದರು ಯಜಮಾನರು. ಹಾಕಿದೆ. ಈಗ ನನ್ನ ಪರ್ಸಿನಿಂದ ಚಿಲ್ಲರೆ ಕಾಣೆಯಾಗುತ್ತಿದೆ. ಇಂಥ ಮಕ್ಕಳ ಮಿದುಳೇ ಬೇರೆ ಥರ ಎಂದು ಎಲ್ಲೋ ಓದಿದೆ. ಸ್ಕ್ಯಾನ್ ಮಾಡಿಸಬೇಕೇ? ನನಗೆ ಗೊತ್ತು ಎಂದರೆ ಅವನು ಕುಗ್ಗಿಹೋಗುತ್ತಾನೇನೋ ಎಂಬ ಭಯ. ಸುಮ್ಮನಿದ್ದರೆ ಮಗನನ್ನು ಕೈಬಿಟ್ಟಂತೆ ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ಹೇಳಿ ಅಮ್ಮಾ. ಆದರೆ ಬಿಸ್ಕತ್ತಿನ ಮಾತಿನಿಂದ ಶುರು ಮಾಡಬೇಡಿ. ಯಾಕೆಂದು ಹೇಳುವ ಮೊದಲು ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲೊಂದಿದೆ: ‘ಮುಖದಲ್ಲಿ ಸ್ವಲ್ಪವೂ ಖುಷಿಯಿರಲಿಲ್ಲ.’ ಬಾಯಿಚಪಲಕ್ಕೆ ತಿನ್ನುವ ಮಗು ಸವಿದು ತಿನ್ನುತ್ತದೆ, ಇನ್ನೂ ಬೇಕು ಎಂದು ಹಟ ಮಾಡುತ್ತದೆ, ಸಿಕ್ಕಿಬಿದ್ದರೆ ನಗುತ್ತದೆ. ನಿಮ್ಮ ಮಗ ಸವಿಯುತ್ತಿರಲಿಲ್ಲ. ಯಾವುದೋ ಸಂಕಟವನ್ನು ಅಡಗಿಸಲು ನೋಡುತ್ತಿದ್ದ ಅನ್ನಿಸುತ್ತದೆ ನನಗೆ.

ಹೀಗೆ ಹಿಡಿತ ತಪ್ಪಿ ತಿನ್ನುವುದಕ್ಕೆ ವೈದ್ಯರು ಬಿಂಜ್ ಈಟಿಂಗ್ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿದ್ದು 2013ರಲ್ಲಿ. ಗಬಗಬ ತಿನ್ನುವುದು, ಹಸಿವಿಲ್ಲದಾಗಲೂ ತಿನ್ನುವುದು, ನಾಚಿಕೆಯಿಂದ ಒಬ್ಬರೇ ಕೂತು ತಿನ್ನುವುದು, ಹೊಟ್ಟೆ ಬಿರಿಯುವಷ್ಟು ತಿಂದ ಮೇಲೆ ತನ್ನ ಬಗ್ಗೆಯೇ ಅಸಹ್ಯಪಟ್ಟುಕೊಳ್ಳುವುದು ಅದರ ಲಕ್ಷಣಗಳು. ವಾರಕ್ಕೆ ಒಮ್ಮೆಯಾದರೂ, ಮೂರು ತಿಂಗಳ ಕಾಲ ಹೀಗಾಗುತ್ತಿದ್ದರೆ ಕಾಯಿಲೆ ಎಂದು ಪರಿಗಣಿಸುತ್ತಾರೆ. ಬೆಳೆಯುವ ಮಕ್ಕಳಲ್ಲಿ ಎಷ್ಟು ತಿಂದರೆ ಅತಿ ಎಂದು ಹೇಳುವುದು ಕಷ್ಟ. ಹಾಗಾಗಿ ಎಷ್ಟು ತಿಂದೆ ಎನ್ನುವುದಕ್ಕಿಂತ ‘ನಿಲ್ಲಿಸಬೇಕು ಅನ್ನಿಸಿದರೂ ನಿಲ್ಲಿಸೋಕೆ ಆಗಲಿಲ್ವಾ?’ ಎನ್ನುವ ಪ್ರಶ್ನೆಗೇ ತೂಕ ಹೆಚ್ಚು. ನಿಮ್ಮ ಮಗನಿಗೆ ಇದೇ ಇದೆ ಎಂದು ಪತ್ರ ಓದಿ ನಾನು ಹೇಳಲಾರೆ, ಹೇಳಲೂಬಾರದು.

ಈಗ ಮಿದುಳಿನ ವಿಷಯ. ಮಿದುಳಿನ ಒಳಭಾಗದಲ್ಲಿ ಅಮಿಗ್ಡಲಾ ಎಂಬ ಪುಟ್ಟ ಭಾಗವಿದೆ. ಯಾರಾದರೂ ಗೇಲಿ ಮಾಡಿದರೆ, ಆಟಕ್ಕೆ ಸೇರಿಸಿಕೊಳ್ಳದಿದ್ದರೆ ಮೊದಲು ಎಚ್ಚೆತ್ತುಕೊಳ್ಳುವ ಭಾಗಗಳಲ್ಲಿ ಅದೂ ಒಂದು. ಎದೆ ಬಡಿತ ಏರುತ್ತದೆ, ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಹರಿಯುತ್ತದೆ. ‘ಇರಲಿ ಬಿಡು, ಅವನು ಎಲ್ಲರಿಗೂ ಹಾಗೇ ಅನ್ನೋದು’ ಎಂದು ಸಮಾಧಾನ ಹೇಳಬೇಕಾದದ್ದು ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್. ಆದರೆ ಆ ಭಾಗ ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ನಿಮ್ಮ ಮಗನಿಗೆ 11. ಸಿಟ್ಟು, ನಾಚಿಕೆ, ಅವಮಾನ ದೊಡ್ಡವರಷ್ಟೇ ಜೋರಾಗಿ ಬರುತ್ತವೆ. ಸಮಾಧಾನ ಮಾಡಿಕೊಳ್ಳುವ ಶಕ್ತಿ ಮಾತ್ರ ಇನ್ನೂ ಎಳೆಯದು. ಹಾಗಿರುವಾಗ ‘ಸ್ವಲ್ಪ ಬಾಯಿ ಕಟ್ಟು’ ಎಂದು ಅವನಿಗೆ ಹೇಳುವುದು ನ್ಯಾಯವೇ?

ಇನ್ನೊಂದು ಕಡೆ ಸಿಹಿ, ಜಿಡ್ಡು ಬಾಯಿಗೆ ಬಿದ್ದೊಡನೆ ಮಿದುಳಿನಲ್ಲಿ ಡೋಪಮಿನ್ ಎಂಬ, ‘ಇನ್ನೂ ಬೇಕು’ ಅನ್ನಿಸುವ ರಾಸಾಯನಿಕ ಬಿಡುಗಡೆಯಾಗುತ್ತದೆ. ಗಮನವೆಲ್ಲ ಬಾಯಿಗೆ ಹೋಗಿ ಮನಸ್ಸಿನ ನೋವು ಒಂದು ಗಳಿಗೆ ಮರೆಯುತ್ತದೆ. ‘ಸಂಕಟವಾದಾಗ ಇದು ಕೆಲಸ ಮಾಡಿತು’ ಎಂದು ಮಿದುಳು ಕಲಿತುಕೊಳ್ಳುತ್ತದೆ. ಮುಂದಿನ ಸಲ ಸಂಕಟ ಬಂದರೆ ಯೋಚನೆಗೂ ಮೊದಲೇ ಕೈ ಡಬ್ಬಿಯತ್ತ ಹೋಗುತ್ತದೆ. ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಇದು: ಉಕ್ಕು ಇಳಿಯಿತು, ಉರಿ ಹಾಗೇ ಇದೆ. ತಿಂದಾದ ಮೇಲೆ ನಾಚಿಕೆ ಬೇರೆ ಸೇರಿಕೊಳ್ಳುತ್ತದೆ. ಆ ನಾಚಿಕೆಯೂ ಸಂಕಟವೇ, ಅದಕ್ಕೂ ಅವನಿಗೆ ಗೊತ್ತಿರುವ ಮದ್ದು ಅದೊಂದೇ. ಮನೆಯಲ್ಲಿ ಬೈಗುಳ ಹೆಚ್ಚಿದಷ್ಟೂ ಕದ್ದು ತಿನ್ನುವುದು ಹೆಚ್ಚುವುದು ಇದಕ್ಕೇ.

ನೀವು ಓದಿದ ‘ಬೇರೆ ಥರದ ಮಿದುಳು’ ಅನ್ನುವುದು ಹತ್ತಾರು ಮಕ್ಕಳ ಸ್ಕ್ಯಾನುಗಳನ್ನು ಒಟ್ಟಿಗೆ ಹೋಲಿಸಿ ಸಿಗುವ ಸರಾಸರಿಯ ಮಾತು. ಒಂದು ಮಗುವಿನ ಸ್ಕ್ಯಾನ್ ನೋಡಿ ಈ ತೊಂದರೆ ಇದೆ, ಇಲ್ಲ ಎನ್ನಲು ಬರುವುದಿಲ್ಲ. ಇದಕ್ಕಾಗಿ ಸ್ಕ್ಯಾನ್ ಬೇಡ.

ಬೀಗ ಇವತ್ತೇ ತೆಗೆಯಿರಿ. ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ ಎಂಬ ಸಂಶೋಧಕಿಯರು 1999ರಲ್ಲಿ ಪುಟ್ಟ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಕಣ್ಣಿಗೆ ಕಾಣುವಂತಿಟ್ಟು ಕೈಗೆ ಸಿಗದಂತೆ ಮಾಡಿದ ತಿಂಡಿಯ ಮೇಲೇ ಮಕ್ಕಳ ಆಸೆ ಹೆಚ್ಚಾಯಿತು. ನಿಮ್ಮ ಮನೆಯಲ್ಲೂ ಬೀಗದಿಂದ ಆದದ್ದಿಷ್ಟೆ, ಕಪಾಟಿನಿಂದ ಪರ್ಸಿಗೆ ಬಂತು. ಪೊಟ್ಟಣಗಟ್ಟಲೆ ತಂದು ಮನೆಯಲ್ಲಿ ತುಂಬಬೇಡಿ, ಅದು ಬೇರೆ ಮಾತು. ಚಿಲ್ಲರೆಯ ವಿಷಯಕ್ಕೆ ಕಳ್ಳತನದ ವಿಚಾರಣೆ ನಡೆಸಬೇಡಿ. ಪರ್ಸನ್ನು ಬೇರೆ ಕಡೆ ಇಡಿ, ಸಾಕು.

ಮಾತಾಡಲು ಅವನು ತಿಂದ ಹೊತ್ತಾಗಲಿ, ಊಟದ ಹೊತ್ತಾಗಲಿ ಬೇಡ. ಇಬ್ಬರೂ ಪಕ್ಕಪಕ್ಕದಲ್ಲಿ ನಡೆಯುವಾಗ ಒಳ್ಳೆಯದು, ಮುಖ ನೋಡಬೇಕಾಗಿ ಬರುವುದಿಲ್ಲ. ‘ಸ್ಕೂಲಿಂದ ಬಂದ ಮೇಲೆ ಒಂದೊಂದು ದಿನ ನಿಂಗೆ ತುಂಬಾ ಕಷ್ಟ ಆಗುತ್ತೆ ಅನ್ಸುತ್ತೆ ಕಂದಾ. ಆಗ ಒಬ್ಬನೇ ತಿಂತೀಯ ಅಂತ ನಂಗೊತ್ತು. ಬೈಯೋಕೆ ಹೇಳ್ತಿಲ್ಲ. ನೀನೊಬ್ಬನೇ ಅನುಭವಿಸೋದು ಬೇಡ ಅಂತ.’ ಇಷ್ಟು ಹೇಳಿ ಸುಮ್ಮನಾಗಿ. ‘ಯಾಕೆ ತಿಂತೀಯ?’ ಎಂದು ಕೇಳಬೇಡಿ, ಅವನಿಗೂ ಗೊತ್ತಿಲ್ಲ. ಅವನು ಉತ್ತರ ಕೊಡದೆ ಬೇರೆ ಮಾತು ತೆಗೆದರೂ ಪರವಾಗಿಲ್ಲ. ಅಮ್ಮನಿಗೆ ಗೊತ್ತು, ಆದರೂ ಬೈಯಲಿಲ್ಲ ಎನ್ನುವುದು ಅವನ ಕಿವಿಗೆ ಬಿದ್ದಿರುತ್ತದೆ.

ಮುಂದಿನ ದಿನಗಳಲ್ಲಿ ಅವನ ಭಾವನೆಗಳಿಗೆ ಹೆಸರು ಕೊಡಿ. ‘ಸಿಟ್ಟಾ? ಬೇಜಾರಾ? ನಾಚಿಕೆ ಆಯ್ತಾ?’ ಎಂದು ಎರಡು ಮೂರು ಮಾತು ಮುಂದಿಟ್ಟರೆ ಮಕ್ಕಳು ಒಂದನ್ನು ಆರಿಸಿಕೊಳ್ಳುತ್ತಾರೆ. ಇದು ಬರೀ ಸಮಾಧಾನದ ಮಾತಲ್ಲ. ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ದೊಡ್ಡವರ ಮೇಲೆ ನಡೆಸಿದ ಅಧ್ಯಯನದಲ್ಲಿ, ಚಿತ್ರದ ಮುಖದಲ್ಲಿ ಕಂಡ ಭಾವನೆಯನ್ನು ಹೆಸರಿಸಿದಾಗ ಅಮಿಗ್ಡಲಾದ ಚಟುವಟಿಕೆ ಇಳಿದಿತ್ತು, ಪ್ರಿಫ್ರಂಟಲ್ ಭಾಗದ್ದು ಏರಿತ್ತು. ಅಳಬೇಡ, ಮುಖ ಊದಿಸಿಕೊಳ್ಳಬೇಡ ಎಂದು ಅದುಮಿಟ್ಟರೆ ಹೊರಗೆ ಕಾಣುವುದಿಲ್ಲ ಅಷ್ಟೆ, ಒಳಗಿನ ಕುದಿತ ನಿಲ್ಲುವುದಿಲ್ಲ.

ಹೊತ್ತು ಹೊತ್ತಿಗೆ ಊಟ ಇರಲಿ, ಎಲ್ಲರಿಗೂ ಏನೋ ಅವನಿಗೂ ಅದೇ. ಸಂಜೆ ಕದ್ದು ತಿಂದಿದ್ದಾನೆಂದು ರಾತ್ರಿ ಊಟ ತಪ್ಪಿಸಬೇಡಿ. ಉಪವಾಸವೇ ಮುಂದಿನ ಸಲದ ಅತಿ ತಿನ್ನುವಿಕೆಗೆ ದಾರಿ. ನಿದ್ದೆ ಕಡಿಮೆಯಾಗದಂತೆ ನೋಡಿಕೊಳ್ಳಿ. ತೂಕದ ಮಾತು, ತಮಾಷೆಗೂ, ಮನೆಯಲ್ಲಿ ಬೇಡ.

ಮಕ್ಕಳ ವೈದ್ಯರನ್ನು ತಪ್ಪದೆ ನೋಡಿ. ಅವನು ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಸ್ಟೀರಾಯ್ಡ್‌ನಂಥವು ಹಸಿವು ಹೆಚ್ಚಿಸುತ್ತವೆ. ಬೇಗ ಬೇಗ ತೂಕ ಇಳಿಸುವ ಡಯಟ್ ಚಾರ್ಟ್ ಕೊಟ್ಟರೆ ಕದ್ದು ತಿನ್ನುವ ವಿಷಯವನ್ನು ಮೊದಲು ತಿಳಿಸಿ, ಬೇಕಿದ್ದರೆ ಅವನನ್ನು ಹೊರಗೆ ಕೂರಿಸಿ. ಜೊತೆಗೆ ಮಕ್ಕಳ ಮನಶ್ಶಾಸ್ತ್ರಜ್ಞರೊಬ್ಬರು ಬೇಕು. ಅವರು ಕೊಡುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಯಾವ ಹೊತ್ತಿಗೆ, ಯಾವ ಭಾವನೆಗೆ ಕೈ ಡಬ್ಬಿಯತ್ತ ಹೋಗುತ್ತದೆ ಎಂದು ಮಗುವೇ ಗುರುತಿಸಲು ಕಲಿಯುತ್ತದೆ. ತಿಂದದ್ದನ್ನು ವಾಂತಿ ಮಾಡಿಕೊಳ್ಳುತ್ತಿದ್ದಾನೆ, ದಿನಗಟ್ಟಲೆ ಊಟ ಬಿಡುತ್ತಿದ್ದಾನೆ, ಬದುಕೇ ಬೇಡ ಎನ್ನುವಂಥ ಮಾತಾಡುತ್ತಾನೆ ಎಂದಾದರೆ ಒಂದು ದಿನವೂ ಕಾಯಬೇಡಿ.

ಯಜಮಾನರಿಗೆ ಈ ಉತ್ತರವನ್ನು ಓದಲು ಕೊಡಿ. ಅವರೂ ಮಗನ ಮೇಲಿನ ಕಾಳಜಿಯಿಂದಲೇ ಬೀಗ ಎಂದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಸ್ವಾಮಿ, ನಿಮ್ಮಲ್ಲಿ ಒಂದೇ ಕೋರಿಕೆ: ವಾರದಲ್ಲಿ ಎರಡು ಸಂಜೆಯಾದರೂ ಅವನು ಮನೆಗೆ ಬರುವ ಹೊತ್ತಿಗೆ ನೀವೂ ಬನ್ನಿ. ಮಾರ್ಕ್ಸ್ ಕೇಳದೆ, ತೂಕ ಕೇಳದೆ, ಒಂದು ಗಂಟೆ ಅವನು ಹೇಳಿದ ಆಟ ಆಡಿ. ಅವನು ಒಬ್ಬನೇ ಇರುತ್ತಿದ್ದ ಹೊತ್ತು ಅದು.