ಪರಂಪರೆ ನೋಡಿ ವಿಭಾಗ ಆರಿಸಬೇಡಿ: ಒಂದು ಮಾತ್ರೆಯಿಂದ ಎರಡು ವರ್ಷ ಕಳೆದುಕೊಂಡವನ ಉತ್ತರ

ಮೈಸೂರು, ಧಾರವಾಡ, ಹಂಪಿ ಈ ಮೂರರಲ್ಲಿ ಯಾವ ಕನ್ನಡ ವಿಭಾಗದ ಪರಂಪರೆ ದೊಡ್ಡದು, ಎಲ್ಲಿ ಎಂ.ಎ. ಮಾಡಿದರೆ ಮುಂದೆ ಪಿಎಚ್.ಡಿ.ಗೆ ಅನುಕೂಲ ಎಂದು ಕೇಳಿದ್ದೀರಿ. ಗ್ರಂಥ ಸಂಪಾದನೆಯ, ಅಂದರೆ ಹಳೆಯ ಪ್ರತಿಗಳನ್ನು ಹೋಲಿಸಿ ಕೃತಿಯ ಸರಿಯಾದ ರೂಪವನ್ನು ನಿರ್ಣಯಿಸುವ ಶಾಸ್ತ್ರದ, ಪತ್ರಿಕೆ ಕಷ್ಟವಂತೆ, ಅದನ್ನು ಬಿಟ್ಟು ಬೇರೆ ಐಚ್ಛಿಕ ತೆಗೆದುಕೊಂಡರೆ ತೊಂದರೆಯೇ ಎಂಬ ಪ್ರಶ್ನೆಯನ್ನು ಕೊನೆಯ ಸಾಲಿನಲ್ಲಿ, ಆವರಣದೊಳಗೆ ಇಟ್ಟಿದ್ದೀರಿ. ನಿಜವಾದ ಪ್ರಶ್ನೆ ಆ ಆವರಣದಲ್ಲಿದೆ. ನಾನೂ ಅದನ್ನು ಅಲ್ಲಿಯೇ ಬಚ್ಚಿಟ್ಟಿದ್ದವನು.

ನಾನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಸೇರಿದ್ದು ಅಪ್ಪಟ ಪರಂಪರೆಯ ಮೋಹದಿಂದ. ನನ್ನ ಬಿ.ಎ. ದಿನಗಳಲ್ಲಿ ಮೇಷ್ಟ್ರೊಬ್ಬರು ಮಹಾರಾಜಾ ಕಾಲೇಜಿನ ಕಥೆಗಳನ್ನು ಪುರಾಣದಂತೆ ಹೇಳುತ್ತಿದ್ದರು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ವಿಜ್ಞಾನವು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪಾಲಿಗೂ ಮಾನವಿಕ ವಿಷಯಗಳು ಮೈಸೂರಿನ ಮಹಾರಾಜಾ ಕಾಲೇಜಿನ ಪಾಲಿಗೂ ಬಂದವು. ಅಲ್ಲಿ ಹಿರಿಯಣ್ಣನವರು ಸಂಸ್ಕೃತವನ್ನೂ 1918ರಿಂದ 1921ರವರೆಗೆ ರಾಧಾಕೃಷ್ಣನ್ ಅವರು ತತ್ತ್ವಶಾಸ್ತ್ರವನ್ನೂ ಕಲಿಸಿದರು. ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಕುದುರೆಗಳನ್ನು ಬಿಚ್ಚಿ, ಸಾರೋಟನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರಂತೆ. ಈ ಕಥೆ ಕೇಳಿದ ಹತ್ತೊಂಬತ್ತು ವರ್ಷದ ಹುಡುಗ ಬೇರೆ ಊರಿಗೆ ಅರ್ಜಿ ಹಾಕಿಯಾನೆಯೇ?

ಮೇಷ್ಟ್ರು ಹೇಳದೆ ಬಿಟ್ಟ ಸಂಗತಿಯೊಂದು ನನಗೆ ಬಹಳ ತಡವಾಗಿ ತಿಳಿಯಿತು. ಕನ್ನಡ ನಾಡಿನ ಆ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಶುರುವಾದದ್ದು 1927ರಲ್ಲಿ, ಎಂದರೆ ಸ್ಥಾಪನೆಯಾದ ಹನ್ನೊಂದು ವರ್ಷಗಳ ಮೇಲೆ. ಆ ತರಗತಿಗೆ ಬಲವಾಗಿ ನಿಂತವರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಟಿ.ಎಸ್. ವೆಂಕಣ್ಣಯ್ಯನವರಂಥ ಗುರುಗಳ ಕೈಕೆಳಗೆ ಓದಿದ ಕುವೆಂಪು 1929ರಲ್ಲಿ ಎಂ.ಎ. ಮುಗಿಸಿ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು, ಪ್ರಾಂಶುಪಾಲರಾದರು, 1956ರಲ್ಲಿ ಕುಲಪತಿಯಾದರು. ಸ್ನಾತಕೋತ್ತರ ವಿಭಾಗಗಳಿಗಾಗಿ ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ಹೊಸ ಆವರಣ ಎದ್ದಾಗ ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಇಷ್ಟನ್ನೂ ಬಾಯಿಪಾಠ ಮಾಡಿಕೊಂಡು ಹೋದ ನನಗೆ, ಆ ಹಿರಿಯರು ದಿನಬೆಳಗಾದರೆ ಮೇಜಿನ ಮುಂದೆ ಕುಳಿತು ಏನು ಮಾಡುತ್ತಿದ್ದರು ಎಂಬುದು ಮಾತ್ರ ಗೊತ್ತಿರಲಿಲ್ಲ. ಅವರಲ್ಲಿ ಬಹಳ ಮಂದಿ ಓಲೆಗರಿಯ ಪ್ರತಿಗಳನ್ನು ಸಾಲುಸಾಲಾಗಿ ಹೋಲಿಸುತ್ತ ಪಾಠಗಳನ್ನು, ಅಂದರೆ ಪ್ರತಿಯಿಂದ ಪ್ರತಿಗೆ ಬದಲಾಗುವ ಪದರೂಪಗಳನ್ನು, ಗುರುತು ಹಾಕಿಕೊಳ್ಳುತ್ತಿದ್ದರು. ‘ವಡ್ಡಾರಾಧನೆ’ಯನ್ನು ಸಂಪಾದಿಸಿದ ಡಿ.ಎಲ್. ನರಸಿಂಹಾಚಾರ್ಯರ ದೊಡ್ಡ ಹೆಸರು ನಿಂತಿರುವುದು ಆ ಬೇಸರ ತರಿಸುವ ಕೆಲಸದ ಮೇಲೆ.

ಎಂ.ಎ. ಎರಡನೆಯ ವರ್ಷ ಐಚ್ಛಿಕ ಆರಿಸುವ ಹೊತ್ತು ಬಂದಾಗ ಹಾಸ್ಟೆಲಿನ ಹಿರಿಯನೊಬ್ಬ, ‘ಗ್ರಂಥ ಸಂಪಾದನೆ ತಗೊಂಡರೆ ಶೇಕಡಾವಾರು ಬೀಳುತ್ತೆ, ಆಧುನಿಕ ಸಾಹಿತ್ಯ ತಗೋ’ ಎಂದ. ತೆಗೆದುಕೊಂಡೆ. ಪ್ರಥಮ ದರ್ಜೆಯೂ ಬಂತು. ಅದನ್ನು ನಾನು ಈಗಲೂ ತಪ್ಪೆಂದು ಕರೆಯುವುದಿಲ್ಲ, ಅದು ಸೋಮಾರಿತನ. ತಪ್ಪು ಮಾಡಿದ್ದು ಆಮೇಲೆ. ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಪಿಎಚ್.ಡಿ.ಗೆ ಬೇರೊಂದು ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿಕೊಂಡೆ. ವಿಷಯ, ಹದಿನಾರನೆಯ ಶತಮಾನದ ಒಂದು ಭಾಮಿನಿ ಷಟ್ಪದಿ ಕಾವ್ಯದಲ್ಲಿ ಬರುವ ಊರು, ವಸತಿ, ಜನಜೀವನ. ಆ ಕಾವ್ಯದ ವಿದ್ವತ್ ಸಂಪಾದನೆ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿತ್ತು, ಮನೆಗೆ ಕೊಡುತ್ತಿರಲಿಲ್ಲ. ಹಳೆಯ ಪುಸ್ತಕದಂಗಡಿಯಲ್ಲಿ ಅದರದೇ ಅಗ್ಗದ ಮರುಮುದ್ರಣವೊಂದು ಸಿಕ್ಕಿತು, ಅಂಗೈಯಗಲದ್ದು, ಪೀಠಿಕೆಯಿಲ್ಲ, ಅಡಿಟಿಪ್ಪಣಿಯಿಲ್ಲ, ಬರಿಯ ಪದ್ಯಗಳು. ಮೂರು ವರ್ಷ ಅದರ ಅಂಚುಗಳಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ. ಮಾರ್ಗದರ್ಶಕರು ಒಮ್ಮೆ, ‘ಮೂಲ ಸಂಪಾದನೆ ನೋಡಿದ್ದೀರಲ್ಲ?’ ಎಂದು ಕೇಳಿದರು. ‘ನೋಡಿದ್ದೇನೆ ಸರ್’ ಎಂದೆ. ನೋಡಿದ್ದೆ, ಕಪಾಟಿನಲ್ಲಿ ಅದರ ಬೆನ್ನನ್ನು. ನನ್ನ ತಪ್ಪು ಈ ಎರಡು ಪದ. ಅವರು ನಂಬಿದರು, ವಿದ್ಯಾರ್ಥಿಯ ಮಾತನ್ನು ನಂಬುವುದು ಅವರ ದೋಷವಲ್ಲ.

ಪ್ರಬಂಧದ ನಾಲ್ಕನೆಯ ಅಧ್ಯಾಯ ನನ್ನ ಹೆಮ್ಮೆಯದು, ಅರುವತ್ತು ಪುಟಗಳನ್ನು ಮೀರಿದ್ದು. ಕವಿಯು ಒಂದು ಪಟ್ಟಣವನ್ನು ವರ್ಣಿಸುತ್ತ ಬಡಗಣ ದಿಕ್ಕಿನ ಕೇರಿಯನ್ನು ಹೇಳುತ್ತಾನೆ, ಅಲ್ಲಿ ಇಂಥಿಂಥ ಕಸುಬಿನವರ ಮನೆಗಳಿವೆ, ಆದ್ದರಿಂದ ಆ ಕಾಲಕ್ಕೆ ಕಸುಬಿಗೊಂದು ಕೇರಿ ಎಂಬ ವಿಂಗಡಣೆ ನೆಲೆನಿಂತಿತ್ತು ಎಂಬುದು ಅದರ ವಾದ. ವಾದವೆಲ್ಲ ಒಂದೇ ಪದಕ್ಕೆ ಜೋತುಬಿದ್ದಿತ್ತು. ಕಾವ್ಯವನ್ನು ಹೆಸರಿಸಲು ನನಗೆ ಇಷ್ಟವಿಲ್ಲ. ಅದೇ ಲಯದ ಒಂದು ಸಾಲನ್ನು ನಾನೇ ಕಟ್ಟಿ ತೋರಿಸುತ್ತೇನೆ. ‘ಕೇರಿಯ ಬಡಗಣ ದೆಸೆಯ ಮನೆಗಳ’ ಎಂದು ನನ್ನ ಪುಸ್ತಕದಲ್ಲಿತ್ತು ಎಂದುಕೊಳ್ಳಿ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದು, ನನ್ನ ಪ್ರಬಂಧದ ಪ್ರತಿಯನ್ನು ನನ್ನ ಕಡೆಗೆ ತಿರುಗಿಸಿ, ‘ಈ ಸಾಲಿಗೆ ಒಂದಿಷ್ಟು ಪ್ರಸ್ತಾರ ಹಾಕಿ’ ಎಂದರು. ಹಾಕಿದೆ. ಭಾಮಿನಿ ಷಟ್ಪದಿಯ ಮೊದಲ ಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಗಣಗಳು, ಒಟ್ಟು ಹದಿನಾಲ್ಕು. ‘ಕೇ’ ಗುರು, ಎರಡು ಮಾತ್ರೆ. ‘ರಿ’, ‘ಯ’ ಲಘುಗಳು. ಮೊದಲ ಗಣದಲ್ಲಿಯೇ ನಾಲ್ಕು ಮಾತ್ರೆ. ನನ್ನ ಪೆನ್ನು ಅಲ್ಲಿ ನಿಂತಿತು. ‘ಕೆರೆಯ’ ಎಂದು ಓದಿದರೆ ಮೂರು ಲಘು, ಮೂರು ಮಾತ್ರೆ, ಮುಂದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ. ಅವರು ಅಷ್ಟಕ್ಕೇ ಬಿಡಲಿಲ್ಲ. ಪದ್ಯದ ಉಳಿದ ಐದು ಸಾಲುಗಳ ಮೊದಲ ಅಕ್ಷರ ನೋಡಿ ಎಂದರು. ಎಲ್ಲವೂ ಲಘು. ಆದಿಪ್ರಾಸದಲ್ಲಿ ಎರಡನೆಯ ವ್ಯಂಜನ ಒಂದೇ ಆಗಿದ್ದರೆ ಸಾಲದು, ಅದರ ಹಿಂದಿನ ಅಕ್ಷರ ಒಂದು ಸಾಲಿನಲ್ಲಿ ಲಘುವಾದರೆ ಎಲ್ಲ ಸಾಲುಗಳಲ್ಲೂ ಲಘುವಾಗಿರಬೇಕು. ಛಂದಸ್ಸು ಎರಡು ಕಡೆಯಿಂದ ಕೂಗಿ ಹೇಳುತ್ತಿದ್ದದ್ದು ಮೂರು ವರ್ಷ ನನ್ನ ಕಿವಿಗೆ ಬಿದ್ದಿರಲಿಲ್ಲ, ಏಕೆಂದರೆ ನಾನು ಪದ್ಯವನ್ನು ಒಮ್ಮೆಯೂ ಗಟ್ಟಿಯಾಗಿ ಓದದೆ ಅದರಿಂದ ‘ಮಾಹಿತಿ’ ಮಾತ್ರ ಹೆಕ್ಕಿಕೊಂಡಿದ್ದೆ.

ಸಂಜೆ ಗ್ರಂಥಾಲಯಕ್ಕೆ ಹೋಗಿ ಆ ವಿದ್ವತ್ ಸಂಪಾದನೆಯನ್ನು ಮೊದಲ ಬಾರಿ ಕಪಾಟಿನಿಂದ ಹೊರತೆಗೆದೆ. ಪದ್ಯದಲ್ಲಿ ‘ಕೆರೆಯ’ ಎಂದೇ ಇತ್ತು. ಕೆಳಗೆ ಅಡಿಟಿಪ್ಪಣಿಯಲ್ಲಿ, ಒಂದು ಪ್ರತಿಯಲ್ಲಿ ಮಾತ್ರ ‘ಕೆರಿಯ’ ಎಂಬ ಪಾಠವಿದೆ ಎಂದು ಸಂಪಾದಕರು ಗುರುತಿಸಿದ್ದರು. ಓಲೆಗರಿಯ ಲಿಪಿಕಾರರು ಎಕಾರ ಏಕಾರಗಳನ್ನು ಬೇರೆಬೇರೆಯಾಗಿ ಬರೆಯದಿರುವುದು ಸಾಮಾನ್ಯ. ಹಳಗನ್ನಡದಲ್ಲಾದರೆ ನೀರಿನ ‘ಕೆಱೆ’ಗೆ ‘ಱ’ ಎಂಬ ಹಳೆಯ ಅಕ್ಷರ, ಅಂದರೆ ಶಕಟರೇಫವೂ ಮನೆಗಳ ‘ಕೇರಿ’ಗೆ ಸಾದಾ ರೇಫವೂ ಇದ್ದು ಗೊಂದಲಕ್ಕೆ ಎಡೆಯಿರಲಿಲ್ಲ, ನನ್ನ ಕವಿಯ ಕಾಲಕ್ಕೆ ಆ ಭೇದ ಅಳಿಸಿಹೋಗಿತ್ತು. ಮರುಮುದ್ರಣದ ಅಚ್ಚಿನ ಮನೆಯಲ್ಲಿ ಯಾರೋ ಅದನ್ನು ‘ಕೇರಿಯ’ ಮಾಡಿದ್ದರು. ಕಸುಬಿಗೊಂದು ಕೇರಿಯನ್ನು ನಾನು ಕಟ್ಟಿದ್ದು ಒಂದು ಕೆರೆಯ ನೀರಿನ ಮೇಲೆ. ಎಂ.ಎ. ಓದುವಾಗ ಎರಡು ವರ್ಷ ದಿನವೂ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡಿದವನು ನಾನು. ಇದನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ.

ಪ್ರಬಂಧವನ್ನು ತಿದ್ದಿ ಮರುಸಲ್ಲಿಸಬೇಕೆಂದು ತೀರ್ಮಾನವಾಯಿತು. ಒಂದು ಪದ ತಪ್ಪಿದ್ದರಿಂದ ಉಳಿದ ನೂರಾರು ಉಲ್ಲೇಖಗಳನ್ನೂ ನಂಬುವಂತಿರಲಿಲ್ಲ. ಪ್ರತಿಯೊಂದನ್ನೂ ಮೂಲದೊಡನೆ ತಾಳೆ ನೋಡಬೇಕಾಯಿತು. ಎರಡು ವರ್ಷ ಹಿಡಿಯಿತು. ಅದರ ನಡುವೆ ಕಾಲೇಜು ಅಧ್ಯಾಪಕರ ಹುದ್ದೆಗಳಿಗೆ ಅರ್ಜಿ ಕರೆದರು, ನನ್ನ ಕೈಯಲ್ಲಿ ಪದವಿ ಇರಲಿಲ್ಲ. ಮತ್ತೆ ಕರೆಯುವಷ್ಟರಲ್ಲಿ ವಯಸ್ಸು ಮೀರಿತ್ತು. ಆ ಎರಡು ವರ್ಷಗಳಲ್ಲಿ, ಬಿಟ್ಟಿದ್ದ ಪತ್ರಿಕೆಯನ್ನು ಯಾರೂ ಅಂಕ ಕೊಡದ ರೀತಿಯಲ್ಲಿ ಕಲಿತೆ. ಹಸ್ತಪ್ರತಿ ವಿಭಾಗದಲ್ಲಿ ಕುಳಿತು, ಸಿಟ್ರೊನೆಲ್ಲಾ ಎಣ್ಣೆ ಸವರಿದ ಗರಿಗಳ ಘಾಟು ಕೈಗೆ ಮೆತ್ತಿಕೊಂಡು, ದಾರ ಬಿಚ್ಚಿದ ಕಟ್ಟಿನ ಗರಿಗಳನ್ನು ಕ್ರಮ ತಪ್ಪದಂತೆ ಮಗುಚುವುದನ್ನು ಅಲ್ಲಿನ ಸಿಬ್ಬಂದಿಯೊಬ್ಬರು ಹೇಳಿಕೊಟ್ಟರು. ಗರಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಸಿ ಹಾರಿಹೋದ ಕಡೆಯಲ್ಲೂ ಕಂಠದ, ಅಂದರೆ ಗರಿಯ ಮೇಲೆ ಬರೆಯುವ ಲೋಹದ ಕಡ್ಡಿಯ, ಗೀರು ಕಾಣುತ್ತದೆ. ಮೊದಲ ವಾರ ದಿನಕ್ಕೆ ಎರಡು ಗರಿಯೂ ಮುಗಿಯುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ವಿಭಾಗದ ಪರಂಪರೆ ದೊಡ್ಡದು ಎಂಬ ಪ್ರಶ್ನೆಯೇ ಸರಿಯಿಲ್ಲ ಎಂದು ನನಗನ್ನಿಸುತ್ತದೆ. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿ, ಅಂದರೆ ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. ಅಲ್ಲಿಗೆ 1905ರಲ್ಲಿ ಬಂದ, ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥಲಿಪಿಯ ಕಟ್ಟೊಂದರಲ್ಲಿ ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರದು, 1949ರ ಕರ್ನಾಟಕ ವಿಶ್ವವಿದ್ಯಾಲಯಕ್ಕಿಂತ ಹಿರಿಯದು. ಅಲ್ಲಿ ಪಾಠ ಮಾಡಿದ ಎಂ.ಎಂ. ಕಲಬುರ್ಗಿಯವರು ಗ್ರಂಥ ಸಂಪಾದನೆಯ ಶಾಸ್ತ್ರವನ್ನೇ ಬರೆದರು, ಮುಂದೆ ಹಂಪಿಯ ಕುಲಪತಿಯೂ ಆದರು. 1991ರ ಹಂಪಿ ವಿಶ್ವವಿದ್ಯಾಲಯ ಹುಟ್ಟಿದ್ದೇ ಸಂಶೋಧನೆಗಾಗಿ. ಮೂರೂ ಕಡೆ ಪರಂಪರೆಗೆ ಬರವಿಲ್ಲ. ಆದರೆ ಶಾಮಾಶಾಸ್ತ್ರಿಗಳು ಗ್ರಂಥಲಿಪಿ ಓದಬಲ್ಲವರಾಗಿದ್ದರು ಎಂಬುದರಿಂದ ನಿಮಗಾಗಲಿ ನನಗಾಗಲಿ ಆ ಲಿಪಿ ಬರುವುದಿಲ್ಲ.

ಆದ್ದರಿಂದ ಗ್ರಂಥ ಸಂಪಾದನೆಯನ್ನು ಬಿಡಬೇಡಿ. ಶೇಕಡಾ ನಾಲ್ಕು ಅಂಕ ಕಡಿಮೆಯಾದರೂ ಬಿಡಬೇಡಿ. ಆಧುನಿಕ ಸಾಹಿತ್ಯವನ್ನು ಹಾಸ್ಟೆಲಿನ ಮಂಚದ ಮೇಲೆ ಮಲಗಿಯೂ ಓದಬಹುದು, ಇದನ್ನು ಆಗುವುದಿಲ್ಲ. ನಾನು ಆಧುನಿಕ ಸಾಹಿತ್ಯದಲ್ಲಿಯೇ ಪಿಎಚ್.ಡಿ. ಮಾಡುವವನು ಎಂದು ನೀವು ಹೇಳಬಹುದು. ಆಗಲೂ ನನ್ನ ಮಾತು ಅದೇ, ಏಕೆಂದರೆ ಆಧುನಿಕ ಲೇಖಕರ ಪುಸ್ತಕಗಳಿಗೂ ಮರುಮುದ್ರಣಗಳಿವೆ, ಅಚ್ಚಿನ ಮನೆಗಳಿವೆ.

ಅರ್ಜಿ ಹಾಕುವ ಮೊದಲು ಮೂರೂ ಊರುಗಳಿಗೆ ಒಂದೊಂದು ದಿನ ಹೋಗಿ ಬನ್ನಿ. ಗೋಡೆಯ ಮೇಲಿನ ಭಾವಚಿತ್ರಗಳನ್ನು ನೋಡಿ ಕೈಮುಗಿದು ಮುಂದೆ ನಡೆಯಿರಿ. ಆ ಪತ್ರಿಕೆಯನ್ನು ಈ ವರ್ಷ ನಿಜವಾಗಿ ಪಾಠ ಮಾಡುತ್ತಿರುವವರು ಯಾರು, ವಿದ್ಯಾರ್ಥಿಗಳ ಕೈಗೆ ಗರಿಯನ್ನಾಗಲಿ ಅದರ ಛಾಯಾಪ್ರತಿಯನ್ನಾಗಲಿ ಕೊಡುತ್ತಾರೆಯೇ ಎಂದು ಎರಡನೆಯ ವರ್ಷದ ವಿದ್ಯಾರ್ಥಿಗಳನ್ನೇ ಕೇಳಿ. ಪ್ರಾಧ್ಯಾಪಕರನ್ನು ಕೇಳಿದರೆ ಪರಂಪರೆಯನ್ನು ಹೇಳುತ್ತಾರೆ.

ಬಿ.ಎಡ್. ಕೂಡ ಮಾಡಿಟ್ಟುಕೊಳ್ಳಲೇ ಎಂದಿದ್ದೀರಿ. ಮಾಡಿಟ್ಟುಕೊಳ್ಳಿ. ನನ್ನ ಹೊಟ್ಟೆಪಾಡು ನಡೆಯುತ್ತಿರುವುದು ಅದರಿಂದಲೇ. ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದೇನೆ. ನಾಳೆ ಮೊದಲ ಅವಧಿಯಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವ ಪಾಠವಿದೆ.