ಕಾಂಡೋ ಸಮುಚ್ಚಯದ ಬೇಸಿಗೆ ಮತ್ತು ಸೆಪ್ಟೆಂಬರಿನ ಲೆಕ್ಕಾಚಾರ

ಬೆಂಗಳೂರಿನ ವೈಟ್‌ಫೀಲ್ಡ್‌ನಿಂದ ಬಂದು ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ ಎರಡನೆಯ ಮಹಡಿಯ ಕಾಂಡೋ ಒಂದನ್ನು, ಅಂದರೆ ಬೇರೆ ಬೇರೆ ಮಾಲೀಕರಿರುವ ಸಮುಚ್ಚಯದ ಒಂದು ಮನೆಯನ್ನು, ವರ್ಷದ ಕರಾರಿಗೆ ಬಾಡಿಗೆ ಹಿಡಿದಿರುವ ನೀವು ಮೂರು ವಿಷಯ ಕೇಳಿದ್ದೀರಿ. ಬೇಸಿಗೆಯಿಂದ ಶರತ್ಕಾಲದ ಆರಂಭದವರೆಗೆ ಇಲ್ಲಿನ ಜೀವನ ಹೇಗಿರುತ್ತದೆ, ಜುಲೈನಲ್ಲಿ ಬರಲಿರುವ ನಿಮ್ಮ ಅತ್ತೆ ಮಾವನವರಿಗೆ ಹೊತ್ತು ಹೋಗುತ್ತದೆಯೇ, ಮುಂದಿನ ವರ್ಷ ಅದೇ ಸಮುಚ್ಚಯದಲ್ಲಿ ಮನೆ ಕೊಳ್ಳಬಹುದೇ ಎಂಬುವು ನಿಮ್ಮ ಪ್ರಶ್ನೆಗಳು. ಇದೇ ಜಿಲ್ಲೆಯ ಇಂಥದೇ ಇನ್ನೊಂದು ಸಮುಚ್ಚಯದಲ್ಲಿ ಬಹಳ ವರ್ಷಗಳಿಂದ ಇರುವವನಾಗಿ ನನಗೆ ತಿಳಿದಷ್ಟು ಬರೆಯುತ್ತಿದ್ದೇನೆ.

ಮೊದಲು ಅರಿಯಬೇಕಾದದ್ದು ಒಡೆತನದ ಗಡಿ. ಕಾಂಡೋದಲ್ಲಿ ಒಬ್ಬ ಮಾಲೀಕನಿಗೆ ಸೇರಿದ್ದು ಹೆಚ್ಚುಕಡಿಮೆ ಗೋಡೆಗಳ ಒಳಗಿನ ಜಾಗ ಮಾತ್ರ. ಛಾವಣಿ, ಹೊರಗೋಡೆ, ಮೆಟ್ಟಿಲು, ಹುಲ್ಲುಹಾಸು, ಕಾರು ನಿಲ್ಲಿಸುವ ಜಾಗ, ಈಜುಕೊಳ ಇವೆಲ್ಲ ಎಲ್ಲರ ಸಮಾನ ಸ್ವತ್ತು. ನಿಮ್ಮ ಮನೆಗೆ ಅಂಟಿಕೊಂಡೇ ಇರುವ ಡೆಕ್ (ಬಾಲ್ಕನಿಯಂಥ ತೆರೆದ ಜಾಗ) ಕೂಡ ಅನೇಕ ಕಡೆ ನಿಮಗೆ ಬಳಸಲು ಬಿಟ್ಟಿರುವ ಸಾಮೂಹಿಕ ಆಸ್ತಿಯೇ ಹೊರತು ನಿಮ್ಮ ಮನೆ ಮಾಲೀಕರದಲ್ಲ. ಚಳಿಗಾಲದಲ್ಲಿ ಜನ ಗೋಡೆಯೊಳಗೇ ಬದುಕುವುದರಿಂದ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಬೇಸಿಗೆ ಬಂದು ಎಲ್ಲರೂ ಹೊರಗೆ ಕಾಲಿಟ್ಟ ಕೂಡಲೇ ನಿಯಮಗಳೂ ನೆರೆಹೊರೆಯವರೂ ಒಟ್ಟಿಗೆ ಎದುರಾಗುತ್ತಾರೆ. ಹೀಗಾಗಿ ಕಾಂಡೋ ಎಂದರೇನೆಂದು ತಿಳಿಯಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ಕಾಲವೇ ಸರಿಯಾದದ್ದು ಎಂಬುದು ನನ್ನ ಅಭಿಪ್ರಾಯ.

ನೀವು ಬಾಡಿಗೆದಾರರಾದ್ದರಿಂದ ಮಾಲೀಕರಿಂದ ಅಸೋಸಿಯೇಷನ್ನಿನ, ಅಂದರೆ ಸಮುಚ್ಚಯವನ್ನು ನೋಡಿಕೊಳ್ಳುವ ಮಾಲೀಕರ ಸಂಘದ, ನಿಯಮಾವಳಿಯ ಪ್ರತಿಯನ್ನೂ ಈಜುಕೊಳದ ಬ್ಯಾಡ್ಜನ್ನೂ ಈಗಲೇ ಕೇಳಿ ಪಡೆಯಿರಿ. ಮಾಲೀಕರು ಅದಕ್ಕೆ ಕಟ್ಟಬೇಕಾದ ತಿಂಗಳ ಶುಲ್ಕವನ್ನು ಬಾಕಿ ಉಳಿಸಿಕೊಂಡಿದ್ದರೆ ಅವರ ಬಾಡಿಗೆದಾರರಿಗೂ ಈಜುಕೊಳ, ಕ್ಲಬ್‌ಹೌಸ್‌ಗಳ ಪ್ರವೇಶವನ್ನು ತಡೆಹಿಡಿಯುವ ಅಸೋಸಿಯೇಷನ್ನುಗಳಿವೆ. ತಿಂಗಳು ತಿಂಗಳು ಸರಿಯಾಗಿ ಬಾಡಿಗೆ ಕಟ್ಟಿದ ಕುಟುಂಬ ಮಕ್ಕಳೊಡನೆ ಗೇಟಿನ ಹೊರಗೆ ನಿಂತದ್ದನ್ನು ನಾನು ಕಂಡಿದ್ದೇನೆ. ಅತಿಥಿಗಳಿಗೆ ಎಷ್ಟು ಪಾಸು ಸಿಗುತ್ತದೆ, ಅತಿಥಿಗಳ ಕಾರು ಎಲ್ಲಿ ನಿಲ್ಲಬೇಕು ಎಂಬುದನ್ನೂ ಅದೇ ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ನಿಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಗೇಟಿನ ಸೆಕ್ಯೂರಿಟಿಯವರಿಗೆ ಒಂದು ಮಾತು ಹೇಳಿದರೆ ಆಗುತ್ತಿದ್ದ ಕೆಲಸ ಇಲ್ಲಿ ಆಗುವುದಿಲ್ಲ, ಏಕೆಂದರೆ ಹೇಳಲು ಗೇಟಿನಲ್ಲಿ ಯಾರೂ ಇರುವುದಿಲ್ಲ. ತಪ್ಪು ಜಾಗದಲ್ಲಿ ನಿಂತ ಕಾರನ್ನು ರಾತ್ರಿ ಯಾರೋ ಎಳೆದುಕೊಂಡು ಹೋಗಿರುತ್ತಾರೆ, ಅಷ್ಟೇ.

ಡೆಕ್ಕಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮವರಿಗೆ ನೋಟಿಸು ಬರುವುದು ಬಹುತೇಕ ಅಲ್ಲಿಂದಲೇ. ಕಟಕಟೆಯ ಮೇಲೆ ಬಟ್ಟೆ ಒಣಹಾಕುವುದನ್ನು ಹೆಚ್ಚಿನ ಸಮುಚ್ಚಯಗಳು ಒಪ್ಪುವುದಿಲ್ಲ. ಜುಲೈನ ಬಿಸಿಲು ನೋಡಿದಾಗ ನಿಮ್ಮ ಅತ್ತೆಯವರಿಗೆ ಸಂಡಿಗೆ ಇಡುವ ಮನಸ್ಸಾಗುವುದು ಸಹಜ. ಕಟಕಟೆಗಿಂತ ತಗ್ಗಾದ ಮೇಜಿನ ಮೇಲೆ, ಹೊರಗಿನವರ ಕಣ್ಣಿಗೆ ಬೀಳದಂತೆ ಒಣಗಿಸಿದರೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಆದರೆ ಇಲ್ಲಿನ ಬೇಸಿಗೆಯ ಗಾಳಿಯಲ್ಲಿ ತೇವ ಹೆಚ್ಚು. ಪಾದರಸ 30 ಡಿಗ್ರಿ ಸೆಲ್ಸಿಯಸ್ ತೋರಿಸುವ ದಿನವೂ ಮೈಗೆ ಮಂಗಳೂರಿನ ಮೇ ತಿಂಗಳ ಸೆಕೆಯೇ ತಾಗುತ್ತದೆ. ಸಂಜೆ ಇದ್ದಕ್ಕಿದ್ದಂತೆ ಗುಡುಗು ಮಳೆ ಬರುವುದೂ ಉಂಟು. ಆದ್ದರಿಂದ ಸಂಡಿಗೆಯನ್ನು ಅವೆನ್‌ನ ಮಂದ ಶಾಖದಲ್ಲಿ ಮುಗಿಸಿಕೊಳ್ಳುವ ಮನೆಗಳೇ ಹೆಚ್ಚು. ಗ್ರಿಲ್ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಒಂದರ ಮೇಲೊಂದು ಮನೆಗಳಿರುವ ಕಟ್ಟಡದ ಡೆಕ್ಕಿನ ಮೇಲೆ ಗ್ಯಾಸ್ ಅಥವಾ ಇದ್ದಿಲಿನ ಗ್ರಿಲ್ ಉರಿಸುವುದನ್ನಷ್ಟೇ ಅಲ್ಲ, ಇಟ್ಟುಕೊಳ್ಳುವುದನ್ನೂ ನ್ಯೂಜೆರ್ಸಿಯ ಅಗ್ನಿಸುರಕ್ಷತಾ ಸಂಹಿತೆ ನಿಷೇಧಿಸುತ್ತದೆ. ಜೋಳ ಸುಡುವ ಆಸೆಯಾದರೆ ಕ್ಲಬ್‌ಹೌಸಿನ ಪಕ್ಕದಲ್ಲಿ ಎಲ್ಲರಿಗಾಗಿ ಇಟ್ಟಿರುವ ಗ್ರಿಲ್ ಬಳಸಿ. ಆಗಸ್ಟಿನಲ್ಲಿ ರಸ್ತೆಬದಿಯ ತೋಟದ ಅಂಗಡಿಗಳಲ್ಲಿ ಸಿಗುವ ಇಲ್ಲಿನ ಸಿಹಿಜೋಳ ಮತ್ತು ಟೊಮೇಟೊ ಹಣ್ಣಿಗೆ ಸಮನಾದದ್ದನ್ನು ಸೂಪರ್‌ಮಾರ್ಕೆಟ್ಟಿನಲ್ಲಿ ನಾನು ಈವರೆಗೆ ತಿಂದಿಲ್ಲ.

ಈಜುಕೊಳದ ಋತು ಚಿಕ್ಕದು. ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇ ವಾರಾಂತ್ಯಕ್ಕೆ ತೆರೆದು, ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇಗೆ ಮುಚ್ಚುತ್ತದೆ. ಸೆಪ್ಟೆಂಬರಿನ ಮಧ್ಯದವರೆಗೂ ಬಿಸಿಲು ಚೆನ್ನಾಗಿಯೇ ಇರುತ್ತದಲ್ಲ, ಏಕೆ ಮುಚ್ಚುತ್ತಾರೆ ಎಂದು ಹೊಸಬರು ಪ್ರತಿ ವರ್ಷ ಕೇಳುತ್ತಾರೆ. ಕಾವಲಿಗೆ ಕೂರುವ ಲೈಫ್‌ಗಾರ್ಡ್‌ಗಳು ಹೆಚ್ಚಾಗಿ ಕಾಲೇಜು, ಹೈಸ್ಕೂಲು ಹುಡುಗ ಹುಡುಗಿಯರು. ತರಗತಿಗಳು ಶುರುವಾದ ಮೇಲೆ ಅವರು ಸಿಗುವುದಿಲ್ಲ, ಕೊಳವನ್ನು ನಡೆಸುವ ಗುತ್ತಿಗೆಯೂ ಆ ದಿನಕ್ಕೇ ಮುಗಿಯುತ್ತದೆ. ಮಾವನವರಿಗೆ ಈಜಿನ ಉಡುಪು ಹಿಡಿಸದಿದ್ದರೆ ಕೊಳದ ಬದಿಯ ಕುರ್ಚಿಯಲ್ಲಿ ಕುಳಿತುಕೊಳ್ಳಲು ಅಡ್ಡಿಯಿಲ್ಲ. ನೀರಿಗಿಳಿಯುವವರು ಮಾತ್ರ ಹತ್ತಿಯ ಪಂಚೆ, ಚೂಡಿದಾರಗಳಲ್ಲಿ ಇಳಿಯುವಂತಿಲ್ಲ.

ಹಿರಿಯರಿಗೆ ಹೊತ್ತು ಹೋಗುತ್ತದೆಯೇ ಎಂಬ ನಿಮ್ಮ ಆತಂಕಕ್ಕೆ ಉತ್ತರ, ಬರುವ ತಿಂಗಳನ್ನು ಅವಲಂಬಿಸಿದೆ. ನೀವು ಸರಿಯಾದ ತಿಂಗಳನ್ನೇ ಆರಿಸಿದ್ದೀರಿ. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಗೆ. ಊಟ ಮುಗಿಸಿ ಬೆಳಕಿನಲ್ಲೇ ಒಂದು ಸುತ್ತು ನಡೆದು ಬರಬಹುದು. ನಮ್ಮ ಭಾಗದ ಸಮುಚ್ಚಯಗಳಲ್ಲಿ ಆ ಹೊತ್ತಿಗೆ ತೆಲುಗು, ತಮಿಳು, ಗುಜರಾತಿ, ಹಿಂದಿ, ಕನ್ನಡ ಮಾತಾಡುವ ಅಜ್ಜ ಅಜ್ಜಿಯರು ಬೆಂಚುಗಳಲ್ಲಿ ಸೇರಿರುತ್ತಾರೆ. ಯಾರ ಮಗಳಿಗೆ ಹೆರಿಗೆ, ಯಾರು ಯಾವ ತಾರೀಖಿಗೆ ಹಿಂದಿರುಗುತ್ತಾರೆ ಎಂಬ ಸುದ್ದಿಯೆಲ್ಲ ಅಲ್ಲಿ ಸಿಗುತ್ತದೆ. ಇಂಗ್ಲಿಷ್ ಬಾರದಿದ್ದರೂ ತೊಂದರೆಯಿಲ್ಲ, ಕಾರು ಓಡಿಸಲು ಬಾರದಿರುವುದೇ ಅವರಿಗೆ ಇಲ್ಲಿ ದೊಡ್ಡ ಕಟ್ಟು. ಆದ್ದರಿಂದ ವಾರದಲ್ಲಿ ಒಂದು ದಿನವಾದರೂ ಬ್ರಿಡ್ಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನಕ್ಕೋ, ಎಡಿಸನ್ನಿನಲ್ಲಿ ಉಡುಪಿಯ ಪುತ್ತಿಗೆ ಮಠದವರು ನಡೆಸುವ ಶ್ರೀಕೃಷ್ಣ ವೃಂದಾವನಕ್ಕೋ ಕರೆದೊಯ್ಯುವ ಏರ್ಪಾಡು ಇಟ್ಟುಕೊಳ್ಳಿ. ರಾತ್ರಿ ಹುಲ್ಲಿನ ಮೇಲೆ ಮಿಂಚುಹುಳುಗಳು ಏಳುವುದನ್ನು ಕಂಡು ಮಲೆನಾಡಿನ ಹಿರಿಯರು ಬಹಳ ಸಂತೋಷಪಡುತ್ತಾರೆ. ಹದಿನೇಳು ವರ್ಷಕ್ಕೊಮ್ಮೆ ನೆಲದಿಂದ ಹೊರಬರುವ ಸಿಕಾಡ ಎಂಬ ಕೀಟಗಳ ದೊಡ್ಡ ತಂಡ ಪಕ್ಕದ ಪ್ರಿನ್ಸ್‌ಟನ್‌ನಲ್ಲಿ 2021ರಲ್ಲಿ ಎದ್ದಿತ್ತು. ಅವುಗಳ ಸದ್ದಿಗೆ ಮರಗಳ ಕೆಳಗೆ ಎದುರಿಗಿದ್ದವರ ಮಾತು ಕೇಳುತ್ತಿರಲಿಲ್ಲ. ಮುಂದಿನ ಸರದಿ 2038ಕ್ಕೆ.

ನಡೆಯುವಾಗ ಎರಡು ಎಚ್ಚರಿಕೆಗಳು ಬೇಕು. ಹಾದಿ ಬಿಟ್ಟು ಎತ್ತರದ ಹುಲ್ಲಿಗೆ, ಪೊದೆಗೆ ಇಳಿಯಬಾರದು. ಜಿಂಕೆಗಳು ಓಡಾಡುವ ಈ ಪ್ರದೇಶದಲ್ಲಿ ಎಳ್ಳಿನ ಕಾಳಿನಷ್ಟು ಸಣ್ಣ ಉಣ್ಣೆಹುಳುಗಳು ಲೈಮ್ ರೋಗವನ್ನು ಹರಡುತ್ತವೆ. ರೋಗಾಣು ದೇಹಕ್ಕೆ ದಾಟಲು ಹುಳು ಸಾಮಾನ್ಯವಾಗಿ 24 ಗಂಟೆಗೂ ಹೆಚ್ಚು ಕಾಲ ಕಚ್ಚಿಕೊಂಡಿರಬೇಕಾದ್ದರಿಂದ, ಮನೆಗೆ ಬಂದು ಸ್ನಾನ ಮಾಡುವಾಗ ಮೊಣಕಾಲಿನ ಹಿಂಭಾಗ, ಕಂಕುಳು, ಕೂದಲ ಅಂಚುಗಳನ್ನು ನೋಡಿಕೊಳ್ಳುವ ಅಭ್ಯಾಸ ಬಹಳ ಉಪಯುಕ್ತ. ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಬೇಕು, ಎಣ್ಣೆ ಸುಣ್ಣ ಹಚ್ಚಬಾರದು. ಮೂರು ಮೂರು ಎಲೆಗಳ ಗೊಂಚಲಿರುವ ಬಳ್ಳಿಯನ್ನು ಮುಟ್ಟಬಾರದು ಎಂಬುದು ಎರಡನೆಯದು. ಪಾಯ್ಸನ್ ಐವಿ ಎಂಬ ಆ ಬಳ್ಳಿ ತಾಗಿದರೆ ವಾರಗಟ್ಟಲೆ ತುರಿಕೆ ಕಾಡುತ್ತದೆ. ಪೂಜೆಗೆ ಪತ್ರೆ ಹುಡುಕುವ ಹಿರಿಯರಿಗೆ ಇದನ್ನು ಮೊದಲ ದಿನವೇ ತೋರಿಸಿಕೊಡಿ.

ಮನೆಯೊಳಗೆ ಬೇಸಿಗೆಯ ಮುಖ್ಯ ಯಂತ್ರ ಎಸಿ. ಅದರ ಫಿಲ್ಟರ್ ಬದಲಿಸುವುದಕ್ಕಿಂತ ಮುಖ್ಯವಾದದ್ದು, ಅದರಿಂದ ನೀರು ಹೊರಹೋಗುವ ಸಣ್ಣ ಕೊಳವೆ. ತೇವದ ದಿನಗಳಲ್ಲಿ ಅದು ಪಾಚಿ ಕಟ್ಟಿ ಮುಚ್ಚಿಕೊಂಡರೆ ನೀರು ಕೆಳಮನೆಯ ಚಾವಣಿಗೆ ಇಳಿಯುತ್ತದೆ. ಕಾಂಡೋದಲ್ಲಿ ನೆರೆಯವರ ನಡುವೆ ಜಗಳ ಹುಟ್ಟುವುದು ಗದ್ದಲಕ್ಕಿಂತ ಹೆಚ್ಚಾಗಿ ಇಂಥ ನೀರಿನಿಂದ. ಅಸೋಸಿಯೇಷನ್ನಿನ ವಿಮೆ ಕಟ್ಟಡಕ್ಕೆ, ಮಾಲೀಕರ ವಿಮೆ ಅವರ ಒಳಾಂಗಣಕ್ಕೆ. ನಿಮ್ಮ ಸಾಮಾನುಗಳಿಗೂ ನಿಮ್ಮಿಂದ ಪರರಿಗಾಗುವ ನಷ್ಟಕ್ಕೂ ನೀವೇ ಬಾಡಿಗೆದಾರರ ವಿಮೆ ಮಾಡಿಸಿಕೊಳ್ಳಬೇಕು. ಪ್ರವಾಹದ ಹಾನಿಯನ್ನು ಈ ಸಾಮಾನ್ಯ ಪಾಲಿಸಿಗಳು ಭರಿಸುವುದಿಲ್ಲ. ಇದು ದೂರದ ಮಾತೆಂದು ತಿಳಿಯಬೇಡಿ. 2021ರ ಸೆಪ್ಟೆಂಬರ್ 1ರ ಸಂಜೆ ಐಡಾ ಚಂಡಮಾರುತದ ಉಳಿಕೆ ಈ ರಾಜ್ಯವನ್ನು ದಾಟಿದಾಗ ನೆವಾರ್ಕ್‌ನಲ್ಲಿ ಒಂದೇ ದಿನ 8 ಅಂಗುಲಕ್ಕೂ ಹೆಚ್ಚು ಮಳೆ ಸುರಿಯಿತು. ನ್ಯೂಜೆರ್ಸಿಯಲ್ಲಿ ಸುಮಾರು 30 ಜನ ಸತ್ತರು, ಅವರಲ್ಲಿ ಬಹಳ ಮಂದಿ ಕಾರಿನಲ್ಲಿ ಸಿಕ್ಕಿಕೊಂಡವರು. ಮಳೆಗಾಲ ನೋಡಿ ಬೆಳೆದ ನಾವು ರಸ್ತೆಯ ಮೇಲಿನ ನೀರನ್ನು ಹಗುರವಾಗಿ ಕಾಣುತ್ತೇವೆ. ಇಲ್ಲಿ ನೀರು ನಿಂತ ರಸ್ತೆ ಕಂಡರೆ ಹಿಂದಿರುಗಿಬಿಡಿ.

ಲೇಬರ್ ಡೇ ಮುಗಿದ ಮರುದಿನವೇ ಸಮುಚ್ಚಯದ ಚಹರೆ ಬದಲಾಗುತ್ತದೆ. ಮಕ್ಕಳು ಬೆಳಗ್ಗೆ ಹಳದಿ ಬಸ್ಸಿಗಾಗಿ ಗೇಟಿನ ಬಳಿ ಸಾಲು ನಿಲ್ಲುತ್ತಾರೆ. ಬಸ್ಸಿನ ಕೆಂಪು ದೀಪ ಮಿನುಗುವಾಗ ಅದನ್ನು ದಾಟಿ ಹೋದರೆ ದಂಡ ಭಾರಿ. ನಮ್ಮ ಸಾಮಾಜಿಕ ಜೀವನ ಆ ವಾರದಿಂದ ಕೊಳದ ಬದಿಯಿಂದ ಕ್ಲಬ್‌ಹೌಸಿನ ಒಳಗೆ ಸರಿಯುತ್ತದೆ. ಗಣೇಶನ ಹಬ್ಬಕ್ಕೋ ನವರಾತ್ರಿಯ ಗೊಂಬೆ ಆರತಿಗೋ ಆ ಹಾಲ್ ಬೇಕಾದರೆ ಜುಲೈನಲ್ಲೇ ಕಾದಿರಿಸಿ, ದೀಪ ಹಚ್ಚಬಹುದೇ ಎಂದು ಬರಹದಲ್ಲಿ ಕೇಳಿಕೊಳ್ಳಿ. ಹಚ್ಚಲು ಬಿಡದ ಕಡೆ ಬ್ಯಾಟರಿ ದೀಪ ಇಟ್ಟು ಆರತಿ ಮಾಡುವುದನ್ನು ನಾವು ಒಪ್ಪಿಕೊಂಡಾಗಿದೆ, ದೇವರೂ ಒಪ್ಪಿಕೊಂಡಂತಿದೆ. ನ್ಯೂಜೆರ್ಸಿಯ ಕನ್ನಡ ಸಂಘ ಬೃಂದಾವನದ ಕಾರ್ಯಕ್ರಮಗಳ ಮೇಲೂ ಕಣ್ಣಿಡಿ. ಅಮೆರಿಕದ ದೊಡ್ಡ ಕನ್ನಡ ಸಮಾವೇಶಗಳಿಗೆ ಲೇಬರ್ ಡೇ ವಾರಾಂತ್ಯ ಮೆಚ್ಚಿನ ಸಮಯ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ 2016ರ ಸಮ್ಮೇಳನ ಅದೇ ವಾರಾಂತ್ಯದಲ್ಲಿ ನಮ್ಮ ರಾಜ್ಯದ ಅಟ್ಲಾಂಟಿಕ್ ಸಿಟಿಯಲ್ಲೇ ನಡೆಯಿತು.

ಆಗಸ್ಟ್ ಮಧ್ಯದಿಂದ ಸೀನು, ಕಣ್ಣುರಿ ಆರಂಭವಾದರೆ ನೆಗಡಿ ಎಂದುಕೊಳ್ಳಬೇಡಿ. ಅದು ರ‍್ಯಾಗ್‌ವೀಡ್ ಎಂಬ ಕಳೆಯ ಪರಾಗ, ಮೊದಲ ಇಬ್ಬನಿ ಹೆಪ್ಪುಗಟ್ಟುವವರೆಗೂ ಇರುತ್ತದೆ. ಕೆಂಪು ಒಳರೆಕ್ಕೆಯ ಲ್ಯಾಂಟರ್ನ್‌ಫ್ಲೈ ಕೀಟಗಳೂ ಆಗ ಗೋಡೆಗಳ ಮೇಲೆ ಕಾಣುತ್ತವೆ. 2014ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಮೊದಲು ಪತ್ತೆಯಾಗಿ ಇತ್ತ ಹಬ್ಬಿದ ಇವನ್ನು ಕಂಡಲ್ಲಿ ತುಳಿದು ಸಾಯಿಸಿ ಎಂದು ಸರ್ಕಾರವೇ ಹೇಳುತ್ತದೆ. ಮನುಷ್ಯರನ್ನು ಅವು ಕಚ್ಚುವುದಿಲ್ಲ. ಡೆಕ್ಕಿನ ಮೇಲೆ ಕರಿಬೇವಿನ ಗಿಡ ಬೆಳೆಸಿದ್ದರೆ ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಳಿಯುವ ಮೊದಲು, ಅಂದರೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಎಲೆಗಳ ಹಿಂಬದಿಯನ್ನು ತೊಳೆದು ಒಳಗೆ ತನ್ನಿ. ಅತ್ತೆಯವರು ಊರಿನಿಂದ ಸಸಿ ತರುವುದಾಗಿ ಹೇಳಿದರೆ ದಯವಿಟ್ಟು ತಡೆಯಿರಿ. ನಿಂಬೆ ಜಾತಿಯ ಬೆಳೆಗೆ ರೋಗ ಹರಡುವ ಕೀಟ ಅದರಲ್ಲಿ ಬರಬಹುದೆಂದು ವಿಮಾನ ನಿಲ್ದಾಣದಲ್ಲೇ ಅದನ್ನು ಕಿತ್ತುಕೊಳ್ಳುತ್ತಾರೆ. ಎಲೆಗಳ ಬಣ್ಣ ನೋಡುವ ಆತುರ ಸೆಪ್ಟೆಂಬರಿನಲ್ಲಿ ಬೇಡ, ಮಧ್ಯ ನ್ಯೂಜೆರ್ಸಿಯಲ್ಲಿ ಅದರ ಉತ್ಕರ್ಷ ಅಕ್ಟೋಬರ್ ಕೊನೆಯ ವಾರಗಳಲ್ಲಿ. ಅತ್ತೆ ಮಾವನವರ ಟಿಕೆಟ್ಟನ್ನು ಅದರ ನಂತರಕ್ಕೆ, ಆದರೆ ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟು ಸಂಜೆ ಐದಕ್ಕೇ ಕತ್ತಲಾಗುವ ನವೆಂಬರ್ ಆರಂಭದ ಆಸುಪಾಸಿಗೆ ಮಾಡಿಸಿ.

ಇನ್ನು ಕೊಳ್ಳುವ ಪ್ರಶ್ನೆ. ಬಹಳಷ್ಟು ಅಸೋಸಿಯೇಷನ್ನುಗಳು ಮುಂದಿನ ವರ್ಷದ ಬಜೆಟ್ಟನ್ನು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಸಿದ್ಧಪಡಿಸುತ್ತವೆ, ಅವನ್ನು ನಡೆಸುವ ಬೋರ್ಡಿನ ಚುನಾವಣೆಯೂ ಅನೇಕ ಕಡೆ ಅದರ ಹಿಂದೆಮುಂದೆಯೇ ನಡೆಯುತ್ತದೆ. ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರಂದು ಹನ್ನೆರಡು ಅಂತಸ್ತಿನ ಕಾಂಡೋ ಕಟ್ಟಡ ಕುಸಿದು 98 ಜನ ಸತ್ತ ಮೇಲೆ, ದುರಸ್ತಿಗಾಗಿ ಹಣ ಕೂಡಿಡದೆ ಶುಲ್ಕವನ್ನು ಕಡಿಮೆ ಇಟ್ಟುಕೊಳ್ಳುವ ಹಳೆಯ ರೂಢಿ ದೇಶದಾದ್ಯಂತ ಪ್ರಶ್ನೆಗೊಳಗಾಯಿತು. ನ್ಯೂಜೆರ್ಸಿ 2024ರ ಜನವರಿಯಲ್ಲಿ ಕಾನೂನು ತಂದು, ಛಾವಣಿ, ರಸ್ತೆ, ಈಜುಕೊಳ ಮುಂತಾದವುಗಳ ಭವಿಷ್ಯದ ವೆಚ್ಚವನ್ನು ಅಂದಾಜಿಸುವ ಮೀಸಲು ನಿಧಿಯ ಅಧ್ಯಯನವನ್ನು ಅಸೋಸಿಯೇಷನ್ನುಗಳು ಐದು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕೆಂದು ವಿಧಿಸಿತು. ಹೀಗಾಗಿ ಶುಲ್ಕ ಕಡಿಮೆಯಿದೆ ಎಂಬ ಜಾಹೀರಾತು ಈಗ ನನಗೆ ಆಕರ್ಷಣೆಗಿಂತ ಅನುಮಾನವನ್ನೇ ಹುಟ್ಟಿಸುತ್ತದೆ. ಇಂದು ಕಡಿಮೆ ಕಟ್ಟಿದ ಹಣವನ್ನು ನಾಳೆ ಛಾವಣಿ ಬದಲಿಸುವಾಗ ವಿಶೇಷ ವಂತಿಗೆಯೆಂದು ಒಂದೇ ಏಟಿಗೆ ಕೇಳುತ್ತಾರೆ, ಆಗ ಮನೆಯ ಮಾಲೀಕ ಯಾರೋ ಅವರೇ ಕಟ್ಟಬೇಕು.

ಬೋರ್ಡಿನ ಸಭೆಗಳು ಮಾಲೀಕರಿಗೆ ತೆರೆದಿರುತ್ತವೆ, ಬಾಡಿಗೆದಾರರಾದ ನಿಮಗೆ ಆ ಹಕ್ಕು ಇಲ್ಲ. ಆದರೆ ನಿಮ್ಮ ಮಾಲೀಕರು ಬೇರೆ ಊರಿನಲ್ಲಿದ್ದಾರೆಂದು ಬರೆದಿದ್ದೀರಿ. ಅಂಥವರು ಸಭೆಯ ನಡಾವಳಿಯನ್ನೂ ಹೊಸ ಬಜೆಟ್ಟನ್ನೂ ಕಳಿಸಿಕೊಡಲು ಹಿಂದೆಗೆಯುವುದಿಲ್ಲ, ಮನೆಯನ್ನು ನಿಮಗೇ ಮಾರುವ ಆಸೆ ಇದ್ದರಂತೂ ಇನ್ನೂ ಬೇಗ ಕಳಿಸುತ್ತಾರೆ. ಅವುಗಳೊಡನೆ ಮೀಸಲು ನಿಧಿಯ ಇತ್ತೀಚಿನ ಅಧ್ಯಯನವನ್ನೂ ಕೇಳಿ ಪಡೆದು, ನಿಧಿಯಲ್ಲಿ ಈಗ ಇರುವ ಮೊತ್ತ, ಇರಬೇಕಾದ ಮೊತ್ತ ಮತ್ತು ಶುಲ್ಕ ಬಾಕಿ ಉಳಿಸಿಕೊಂಡಿರುವ ಮನೆಗಳ ಸಂಖ್ಯೆ ಈ ಮೂರನ್ನು ನೋಡಿ. ಅಷ್ಟು ಕಾಗದಗಳು ಕೈಗೆ ಬಂದ ಮೇಲೆ ಬೇಕಿದ್ದರೆ ಒಂದು ಭಾನುವಾರ ನಮ್ಮ ಮನೆಗೆ ಬನ್ನಿ, ಒಟ್ಟಿಗೆ ಕುಳಿತು ಓದೋಣ. ಅತ್ತೆ ಮಾವನವರನ್ನೂ ಕರೆತನ್ನಿ.