ಹೇಳಿದ್ದಕ್ಕೆಲ್ಲ ‘ಹ್ಞೂಂ’ ಅನ್ನುವ ಹುಡುಗ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ. ನನಗೆ 63. ಬೆಂಗಳೂರಿನ ಕೆಲಸ ಬಿಟ್ಟು ಬಂದ ಪಕ್ಕದ ಮನೆ ಹುಡುಗ ‘ಮಾವ, ತೋಟದ ಕೆಲಸ ಹೇಳಿಕೊಡಿ’ ಅಂದ. ಮೊದಲು ದಿನಾ ಬರುತ್ತಿದ್ದ. ಈಗ ಹೇಳಿದ್ದಕ್ಕೆಲ್ಲ ಬರೀ ‘ಹ್ಞೂಂ’, ಬರುವುದೂ ಅಪರೂಪ. ನನಗೂ ಬೇಜಾರು ಬಂದಿದೆ. ಬಿಟ್ಟುಬಿಡಲೇ?

ಉತ್ತರ: ಈಗಲೇ ಬಿಡಬೇಡಿ. ಹೇಳುವುದೆಲ್ಲ ನಿಮ್ಮದು, ಕೇಳುವುದೆಲ್ಲ ಅವನದು ಅಂತಾಗಿ ಇಬ್ಬರೂ ದಣಿದಂತಿದೆ. ತಾನಾಗಿ ತೀರ್ಮಾನಿಸಲು ಏನೂ ಇಲ್ಲದವನು ‘ಹ್ಞೂಂ’ ಅನ್ನದೆ ಇನ್ನೇನು ಅಂದಾನು?

ಒಂದು ಕೆಲಸವನ್ನು ಪೂರ್ತಿ ಅವನ ಕೈಗೆ ಕೊಡಿ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗದ ಔಷಧಿ ಕಲಸುವುದು ಇದಕ್ಕೆ ಹೇಳಿ ಮಾಡಿಸಿದ್ದು. ಈ ಔಷಧಿಯೇ ಬೋರ್ಡೋ ದ್ರಾವಣ. ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆ.ಜಿ. ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತಲಾ 50 ಲೀಟರ್ ನೀರಿಗೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯಬೇಕು. ಇಷ್ಟು ಹೇಳಿ ಸುಮ್ಮನಾಗಿ. ಉಜ್ಜಿದ ಕತ್ತಿಯ ಅಲಗನ್ನು ಅವನೇ ಅದ್ದಿ ನೋಡಲಿ. ಅಲಗು ಕೆಂಪಗಾದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಇನ್ನೆಷ್ಟು ಸುಣ್ಣ ಬೇಕೆಂದು ಅವನು ಹೇಳುವವರೆಗೆ ನೀವು ಬಾಯಿ ಬಿಡಬೇಡಿ. ಇದು ಕಷ್ಟ, ಗೊತ್ತು. ಆದರೆ ತಪ್ಪು ಡ್ರಮ್ಮಿನಲ್ಲೇ ಸಿಕ್ಕಿಬೀಳುತ್ತದೆ, ಮರಕ್ಕೆ ಏರುವುದಿಲ್ಲ. ಮಳೆಗೆ ಮುಂಚೆ ಮೊದಲ ಸಲ ಔಷಧಿ ಹೊಡೆಯುವಾಗ ಜೊತೆಗಿರಿ. 40–45 ದಿನ ಬಿಟ್ಟು ಬರುವ ಎರಡನೆಯದರಲ್ಲಿ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನನ್ನು ಗೊತ್ತುಮಾಡುವುದರಿಂದ ಹಿಡಿದು ಎಲ್ಲ ಅವನದೇ.

ನಿಮ್ಮ ಬೇಜಾರಿಗೆ ಮದ್ದು ಬೇರೆ. ಅವನಿಂದ ನಿಮಗೂ ಏನಾದರೂ ಬೇಕು. ಆಳಿನ ಸಂಬಳ, ಗೊಬ್ಬರದ ಖರ್ಚನ್ನು ಕಂಪ್ಯೂಟರಿಗೆ ಹಾಕುವುದನ್ನು ಅವನಿಂದ ಕಲಿಯಿರಿ. ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಸರಕು ಎಂಬ ಅಡಿಕೆ ದರ್ಜೆಗಳ ದರವನ್ನು ವಾರವಾರ ಅವನು ಬರೆದಿಡಲಿ. ಯಾವಾಗ ಮಾರಬೇಕು ಅಂತ ಇಬ್ಬರೂ ಕೂತು ವಾದ ಮಾಡಿ. ಅವನ ಮಾತು ಸರಿ ಕಂಡರೆ ಒಂದಿಷ್ಟು ಮಾಲನ್ನು ಅವನು ಹೇಳಿದ ವಾರವೇ ಮಾರಿ.

ದಿನಾ ಬರುವುದು ಬೇಡ. ವಾರಕ್ಕೊಮ್ಮೆ, ಒಂದು ಗಂಟೆ, ಗೊತ್ತಾದ ದಿನ. ಎರಡು ಪ್ರಶ್ನೆ ಅವನು ತರಬೇಕು. ಏಳುವ ಮೊದಲು ಮುಂದಿನ ವಾರ ಯಾರು ಏನು ಮಾಡುವುದೆಂದು ಬರೆದುಕೊಳ್ಳಿ. ಬರಲಾಗದಿದ್ದರೆ ಹಿಂದಿನ ದಿನವೇ ಫೋನ್, ನಿಮಗೂ ಇದೇ ನಿಯಮ. ಕೊಯ್ಲು ಮುಗಿದ ಮೇಲೆ ಮುಂದುವರಿಸೋಣವೇ ಅಂತ ನೇರವಾಗಿ ಕೇಳಿ. ಸಾಕು ಅಂದರೆ ಮುನಿಸಿಕೊಳ್ಳಬೇಡಿ, ಬೇಕಾದಷ್ಟು ಕಲಿತಿರಬಹುದು.

ನಾಳೆ ಫೋನ್ ಮಾಡಿದಾಗ ‘ಯಾಕೋ ಬರ್ತಾನೇ ಇಲ್ಲ’ ಅಂತ ಶುರು ಮಾಡಬೇಡಿ. ‘ಈ ಸಲದ ಔಷಧಿ ನೀನೇ ಕಲಸು, ಯಾವತ್ತು ಬರ್ತೀಯ?’ ಅಂತ ಕೇಳಿ.